ಮನೆಯ ರಿಪೇರಿ: ವಾಚಿನ ಬಳೆ ಸಡಿಲವಾದರೆ



ಈ ಸಲದ ಪ್ರಶ್ನೆ ಭಟ್ಕಳದ ಕಡೆಯ ಸೋದರಿಯೊಬ್ಬರದು. ಅವರ ಮಗನಿಗೆ ಗಲ್ಫ್‌ನಲ್ಲಿರುವ ಸೋದರಮಾವ ಡೈವಿಂಗ್ ವಾಚು ತಂದುಕೊಟ್ಟಿದ್ದಾರಂತೆ. ಹುಡುಗ ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಸಮುದ್ರದಲ್ಲಿ ಮುಳುಗುವವನು. "ಗಾಜಿನ ಸುತ್ತ ಇರೋ ಬಳೆ ಲೊಡಲೊಡ ಅನ್ನುತ್ತೆ, ಮುಟ್ಟಿದರೆ ತಿರುಗುತ್ತೆ. ವಾಚು ಸರಿಯಾಗಿ ನಡೀತಿದೆಯಲ್ಲ, ಹಾಗೇ ಬಿಡಬಹುದೇ?" ಎಂದು ಕೇಳಿದ್ದಾರೆ.

ಬಿಡಬೇಡಿ. ಅದು ಅಂದಕ್ಕೆ ಇಟ್ಟ ಬಳೆಯಲ್ಲ. ಬೆಜೆಲ್ ಅನ್ನುವ ಈ ಬಳೆ, ನೀರಿಗಿಳಿದು ಎಷ್ಟು ಹೊತ್ತಾಯಿತೆಂದು ಹೇಳುವ ಸಾಧನ. ಫ್ರೆಂಚ್ ನೌಕಾದಳದ ಡೈವರುಗಳು ಬಳಸಿದ, 1953ರಲ್ಲಿ ಬಂದ ಬ್ಲಾಂಪೇನ್ ಕಂಪನಿಯ 'ಫಿಫ್ಟಿ ಫ್ಯಾದಮ್ಸ್' ವಾಚಿನಲ್ಲೂ ಇದು ಇತ್ತು. ಮುಳುಗುವಾಗ ಬಳೆಯ ಮೇಲಿನ ತ್ರಿಕೋನವನ್ನು ನಿಮಿಷದ ಮುಳ್ಳಿಗೆ ಸರಿಯಾಗಿ ಇಡುತ್ತಾರೆ. ಆಮೇಲೆ ಮುಳ್ಳು ಬಳೆಯ ಯಾವ ಅಂಕಿಯ ಎದುರು ಇದೆಯೋ ಅಷ್ಟು ನಿಮಿಷವಾಯಿತು ಎಂದರ್ಥ.

ಈಗಿನ ವಾಚುಗಳಲ್ಲಿ ಬಳೆ ಅಪ್ರದಕ್ಷಿಣೆಯಾಗಿ ಮಾತ್ರ ತಿರುಗುತ್ತದೆ. ಯಾಕೆ ಗೊತ್ತೇ? ಮುಳುಗಿ 30 ನಿಮಿಷವಾಗಿದೆ ಅನ್ನಿ. ಬಂಡೆಗೆ ತಾಗಿ ಬಳೆ 10 ನಿಮಿಷದಷ್ಟು ಅಪ್ರದಕ್ಷಿಣೆಯಾಗಿ ಜಾರಿದರೆ 40 ತೋರಿಸುತ್ತದೆ. ಬೇಗ ಮೇಲೆ ಬರುತ್ತಾರೆ, ನಷ್ಟವಿಲ್ಲ. ಪ್ರದಕ್ಷಿಣೆಯಾಗಿ ಜಾರಿದರೆ 20 ತೋರಿಸುತ್ತದೆ. ಇನ್ನೂ ಹೊತ್ತಿದೆ ಎಂದು ಒಳಗೇ ಇದ್ದರೆ ಸಿಲಿಂಡರಿನ ಗಾಳಿ ಕಾಯುತ್ತದೆಯೇ? ಈಗ ಡೈವ್ ಕಂಪ್ಯೂಟರ್ ಇರುತ್ತದೆ, ನಿಜ. ಅದು ಕೈಕೊಟ್ಟರೆ ನಂಬಬೇಕಾದದ್ದು ಈ ಬಳೆಯನ್ನೇ.

ಬಳೆಯ ಕೆಳಗೆ ಸಣ್ಣ ಹಲ್ಲುಗಳೂ ಅವನ್ನು ತಡೆಯುವ ಸ್ಪ್ರಿಂಗೂ ಇರುತ್ತವೆ. ಟಿಕ್ ಟಿಕ್ ಸದ್ದು ಅದರದೇ. ಬಹಳ ವಾಚುಗಳಲ್ಲಿ, ನಮ್ಮ ಕುಕ್ಕರಿನಲ್ಲಿರುವ ಹಾಗೆ, ರಬ್ಬರ್ ಗ್ಯಾಸ್ಕೆಟ್ ಕೂಡ ಉಂಟು. ಸದ್ದಿಲ್ಲದೆ ಎರಡೂ ಕಡೆ ತಿರುಗಿದರೆ ಸ್ಪ್ರಿಂಗಿನ ದೋಷ; ಮೇಲೆ ಕೆಳಗೆ ಅಲ್ಲಾಡಿದರೆ ಗ್ಯಾಸ್ಕೆಟ್ ಸವೆದಿರಬಹುದು. ಕೆಲವು ಹಳೆಯ ವಾಚುಗಳ ಬಳೆ ಎರಡೂ ಕಡೆ ತಿರುಗುವಂತೆಯೇ ಮಾಡಿದ್ದು, ಅದು ದೋಷವಲ್ಲ.

ಎಷ್ಟೋ ಸಲ ಉಪ್ಪು, ಮರಳು, ಬೆವರಿನ ಕೊಳೆಯೇ ಕಾರಣ. ಪಕ್ಕದ ಕೀ ಭದ್ರವಾಗಿದೆಯೇ ನೋಡಿಕೊಂಡು, ಸೋಪಿನ ನೀರಲ್ಲಿ ಅದ್ದಿದ ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬಳೆಯನ್ನು ತಿರುಗಿಸುತ್ತಾ ಸಂದು ಉಜ್ಜಿ. ಸಿಹಿನೀರಿನ ಬಟ್ಟೆಯಿಂದ ಒರೆಸಿ ಒಣಗಿಸಿ.

ಆಗಲೂ ಸರಿಹೋಗದಿದ್ದರೆ ಬಿಚ್ಚಬೇಕು. ಬಳೆಯ ಅಂಚಿನಲ್ಲಿ ಪುಟ್ಟ ಸ್ಕ್ರೂಗಳಿದ್ದರೆ ಚಾಕು ಹಾಕಬೇಡಿ, ಅಂಗಡಿಗೇ ಕೊಡಿ. ಇಲ್ಲವಾದರೆ ತಟ್ಟೆಯಲ್ಲಿ ಬಿಳಿ ಬಟ್ಟೆ ಹಾಸಿಕೊಳ್ಳಿ. ಸ್ಪ್ರಿಂಗ್ ಹಾರಿದರೆ ಸಿಕ್ಕಬೇಕಲ್ಲ! ಗಾಜಿಗೂ ಅಂಚಿಗೂ ಟೇಪ್ ಅಂಟಿಸಿ, ಮೊಂಡಾದ ತೆಳು ಚಾಕುವನ್ನು ಬಳೆಯ ಕೆಳಗಿನ ಸಂದಿಗೆ ಇಟ್ಟು, ಸುತ್ತಲೂ ಸ್ವಲ್ಪ ಸ್ವಲ್ಪವೇ ಎತ್ತಿ. ಒಂದೇ ಕಡೆ ಬಲ ಹಾಕಬಾರದು. ಬಳೆ ಬಂದ ಕೂಡಲೇ, ಒಳಗೆ ಯಾವುದು ಹೇಗಿದೆಯೆಂದು ಫೋನಿನಲ್ಲಿ ಫೋಟೊ ತೆಗೆದಿಡಿ. ಎಲ್ಲವನ್ನೂ ತೊಳೆದು ಒಣಗಿಸಿ. ಸ್ಪ್ರಿಂಗಿನ ನಾಲಿಗೆ ಚಪ್ಪಟೆಯಾಗಿದ್ದರೆ ಕೂದಲೆಳೆಯಷ್ಟು ಮೇಲಕ್ಕೆತ್ತಿ. ಮುರಿದಿದ್ದರೆ ಅದೇ ಮಾದರಿಯ ಹೊಸದೇ ಬೇಕು. ಗ್ಯಾಸ್ಕೆಟ್ಟಿಗೆ ಚೂರು ಸಿಲಿಕೋನ್ ಗ್ರೀಸ್ ಸವರಿ. ಕೊಬ್ಬರಿ ಎಣ್ಣೆ, ವ್ಯಾಸಲಿನ್ ಬೇಡ. ಧೂಳು ಹಿಡಿಯುತ್ತದೆ, ರಬ್ಬರೂ ಕೆಡಬಹುದು. ಎರಡು ಹೆಬ್ಬೆರಳಿನಿಂದ ಸಮನಾಗಿ ಒತ್ತಿ ಕೂರಿಸಿ. ಅಂಟು ಹಾಕಿ ಮುಗಿಸೋಣ ಅನ್ನಿಸುತ್ತೆ. ಹಾಕಿದರೆ ಬಳೆ ತಿರುಗುವುದೇ ಇಲ್ಲ. ವಾಚಿನ ಹಿಂಬದಿಯ ಮುಚ್ಚಳವನ್ನಂತೂ ಮುಟ್ಟಬೇಡಿ.

ಈಗ ಪರೀಕ್ಷೆ. ಒಂದು ಸುತ್ತು ತಿರುಗಿಸಿ. ಬಹುತೇಕ ವಾಚುಗಳಲ್ಲಿ 60 ಅಥವಾ 120 ಟಿಕ್ ಇರುತ್ತವೆ, ಎಲ್ಲೂ ತಪ್ಪಬಾರದು. ಹಿಂದಕ್ಕೆ ತಿರುಗಿಸಿದರೆ ಜಗ್ಗಬಾರದು. ಆಮೇಲೆ ಒಂದು ವಾರ ಅಡುಗೆಮನೆಯಲ್ಲಿ ಕಟ್ಟಿಕೊಂಡು ಓಡಾಡಿ: ಒಲೆ ಸಣ್ಣ ಮಾಡಿದಾಗ ತ್ರಿಕೋನವನ್ನು ಮುಳ್ಳಿಗೆ ಇಡಿ, ಇಳಿಸುವಾಗ ಗೋಡೆ ಗಡಿಯಾರದ ಜೊತೆ ತಾಳೆ ನೋಡಿ. ಒಂದೇ ಒಂದು ಸಲ ಲೆಕ್ಕ ತಪ್ಪಿದರೂ ಆ ವಾಚು ಒಲೆಯ ಮುಂದೆ ಇರಲಿ, ನೀರಿಗೆ ಬೇಡ. ಅನ್ನ ಸೀದರೆ ಮತ್ತೊಮ್ಮೆ ಬೇಯಿಸಬಹುದು.