ಅಳತೆಕೋಲೂ ದಶಾಂಶ ಬಿಂದುವೂ

ದಶಾಂಶ ಬಿಂದುವಿನ ಬಲಗಡೆ ಎಷ್ಟು ಅಂಕಿಗಳಿರಬೇಕೆಂಬುದು ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಚರ್ಚಿಸತಕ್ಕ ವಿಷಯವೇ ಎಂದು ವಾಚಕರು ಹುಬ್ಬೇರಿಸಬಹುದು. ಕಲಾ ವಿಭಾಗದ ನಮ್ಮಲ್ಲಿ ಬಹುಮಂದಿ ಹೈಸ್ಕೂಲಿನಲ್ಲಿಯೇ ಲೆಕ್ಕಕ್ಕೆ ಕೈಮುಗಿದು ಬಂದವರು. ಆದರೂ ಈ ಅಂಕಿಗಳ ಹಿಂದೆ ಮನುಷ್ಯರ ಸಂಬಳವೂ ಮರ್ಯಾದೆಯೂ ನಿಂತಿರುವುದರಿಂದ ಇದನ್ನು ಗಣಿತದವರಿಗೇ ಬಿಟ್ಟುಬಿಡುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ.

ಪೆಟ್ರೋಲ್ ಬಂಕಿನ ನೆಲದಡಿಯ ಟ್ಯಾಂಕನ್ನೇ ತೆಗೆದುಕೊಳ್ಳೋಣ. ಅದು ಅಡ್ಡಲಾಗಿ ಮಲಗಿಸಿದ ಸಿಲಿಂಡರು. ಒಳಗಿರುವ ಎಣ್ಣೆಯನ್ನು ಯಾರೂ ಲೀಟರಿನಿಂದ ಅಳೆಯುವುದಿಲ್ಲ; ಕೋಲನ್ನು ಇಳಿಬಿಟ್ಟು, ನೆನೆದ ಎತ್ತರವನ್ನು ಓದಿ, ಆ ಎತ್ತರಕ್ಕೆ ಎಷ್ಟು ಲೀಟರೆಂದು ಆ ಟ್ಯಾಂಕಿಗೆಂದೇ ಮಾಡಿಟ್ಟ ಕೋಷ್ಟಕದಲ್ಲಿ ನೋಡುವರು. ಈಗ ಆ ಕೋಷ್ಟಕ ದಾಸ್ತಾನು ಲೆಕ್ಕದ ಸಾಫ್ಟ್‌ವೇರಿನೊಳಗೆ ಸೇರಿಕೊಂಡಿದೆ. ವ್ಯಾಸ 2 ಮೀಟರು, ಉದ್ದ 6.4 ಮೀಟರು ಇರುವ ಟ್ಯಾಂಕಿನಲ್ಲಿ ಎಣ್ಣೆ ಸರಿಯಾಗಿ ಅರ್ಧಕ್ಕೆ ನಿಂತಿದ್ದರೆ, ಪರದೆಯ ಮೇಲೆ 10,053.096 ಲೀಟರು ಎಂದು ಮೂಡುತ್ತದೆ. ಆ ಕೊನೆಯ ಮೂರು ಅಂಕಿಗಳೆಂದರೆ ಒಂದು ಸಣ್ಣ ಲೋಟ ಕಾಫಿಯಷ್ಟು!

ಕೋಲು ಇಷ್ಟು ನಿಖರವಾಗಿ ಹೇಳಬಲ್ಲುದೆ? ಅದರ ಗೀಟುಗಳ ನಡುವಣ ಅಂತರ ಒಂದು ಮಿಲಿಮೀಟರು. ಈ ಟ್ಯಾಂಕು ಅರ್ಧ ತುಂಬಿದಾಗ ಒಂದು ಮಿಲಿಮೀಟರೆಂದರೆ 12.8 ಲೀಟರು. ತಳದಿಂದ ಹತ್ತು ಸೆಂಟಿಮೀಟರಿನಲ್ಲಿ ಅದೇ ಮಿಲಿಮೀಟರು ಸುಮಾರು 5.6 ಲೀಟರು. ಕೋಲು ತುಸು ಓರೆಯಾದರೆ, ಓದುವವನ ಕಣ್ಣು ಒಂದು ಗೀಟು ತಪ್ಪಿದರೆ, ಲೆಕ್ಕ ಹತ್ತಾರು ಲೀಟರು ಅತ್ತಿತ್ತ. ಇದರ ಮೇಲೆ ಬಿಸಿಲೊಂದು. ಪೆಟ್ರೋಲು ಒಂದು ಡಿಗ್ರಿ ಬಿಸಿಯಾದರೆ ಸಾವಿರಕ್ಕೆ ಸುಮಾರು ಒಂದು ಪಾಲು ಉಬ್ಬುತ್ತದೆ. ಹತ್ತು ಸಾವಿರ ಲೀಟರಿಗೆ ಸುಮಾರು ಹತ್ತು ಲೀಟರು. ಕೋಲಿನ ಬದಲು ವಿದ್ಯುನ್ಮಾಪಕವನ್ನಿಟ್ಟವರು ಮಿಲಿಮೀಟರಿನ ಭಾಗವನ್ನೂ ಓದುತ್ತಾರೆ, ನಿಜ. ಆದರೆ ಟ್ಯಾಂಕು ಒಂದು ಕಡೆಗೆ ವಾಲಿದ್ದರೆ ಯಂತ್ರವೇನು ಮಾಡೀತು?

ಪಾಳಿ ಬದಲಾಗುವಾಗ ದಾಸ್ತಾನಿನಲ್ಲಿ 12.847 ಲೀಟರು ಕೊರತೆಯೆಂದು ಪರದೆ ಹೇಳಿತೆನ್ನಿ. ‘ಸುಮಾರು 13 ಲೀಟರು’ ಎಂದು ತೋರಿಸಿದ್ದರೆ ಮಾಲೀಕರು, “ಇನ್ನೊಂದು ಸಲ ಕೋಲು ಬಿಡಪ್ಪಾ” ಎನ್ನುತ್ತಿದ್ದರೋ ಏನೋ. ಮೂರು ದಶಾಂಶ ಸ್ಥಾನಗಳನ್ನು ಕಂಡೊಡನೆ ಅದು ಅನುಮಾನವಾಗಿ ಉಳಿಯದೆ ಸಾಕ್ಷಿಯಾಗಿಬಿಡುತ್ತದೆ. ರಾತ್ರಿಯೆಲ್ಲ ನಿಂತು ಪಂಪು ಹಿಡಿದ ಹುಡುಗ ಒಂದು ಮಿಲಿಮೀಟರಿನ ಮಂಜಿಗೆ ತನ್ನ ಕೂಲಿಯಿಂದ ದಂಡ ತೆರಬೇಕಾದೀತು. ಅವನ ಪರವಾಗಿ ವಾದಿಸಲು ಅಲ್ಲಿ ಯಾರಿದ್ದಾರೆ?

ಈ ಮೋಹ ಬಂಕಿನದು ಮಾತ್ರವಲ್ಲ. ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟವನ್ನು ಪತ್ರಿಕೆಗಳಲ್ಲಿ ಅಡಿಯ ನೂರನೆಯ ಭಾಗದವರೆಗೆ ಓದುತ್ತೇವೆ, ಸಂಗ್ರಹವನ್ನು ಟಿ.ಎಂ.ಸಿ.ಯಲ್ಲಿ ಮೂರು ದಶಾಂಶಗಳೊಡನೆ ಓದುತ್ತೇವೆ. ತುಂಬಿದ ಜಲಾಶಯದ ಹರಹು ಸುಮಾರು 130 ಚದರ ಕಿಲೋಮೀಟರು. ಅಡಿಯ ನೂರನೆಯ ಭಾಗವೆಂದರೆ ಮೂರು ಮಿಲಿಮೀಟರಿನಷ್ಟು ನೀರು. ಅದೇ ಸುಮಾರು 0.014 ಟಿ.ಎಂ.ಸಿ. ಆಯಿತು. ಹೀಗಿರಲು ಮೂರನೆಯ ಸ್ಥಾನದ ಅಂಕಿ ಎಲ್ಲಿಂದ ಬಂದಿತು? ಗುಣಾಕಾರದಿಂದ ಬಂದಿತು, ನೀರಿನಿಂದ ಬರಲಿಲ್ಲ.

ಹಾಗಾದರೆ ದಶಾಂಶಗಳನ್ನೆಲ್ಲ ಕಿತ್ತೆಸೆಯೋಣವೆ? ಅದು ಇನ್ನೂ ದೊಡ್ಡ ಅನಾಹುತ. ಎಲ್ಲ ಅಂಕಿಗಳಿಗೂ ಎರಡೇ ದಶಾಂಶ ಸ್ಥಾನವೆಂದು ಸಾಫ್ಟ್‌ವೇರಿಗೆ ಒಂದೇ ಆಜ್ಞೆ ಕೊಟ್ಟುಬಿಡುವುದುಂಟು. ರೂಪಾಯಿ ಪೈಸೆ ಬರೆದ ಅಭ್ಯಾಸದಿಂದ ಇದು ಬಂದಿರಬೇಕು. ಎತ್ತರವನ್ನು ಮೀಟರಿನಲ್ಲಿ ಬರೆಯುವ ಕಡೆ ಎರಡು ಸ್ಥಾನವೆಂದರೆ ಸೆಂಟಿಮೀಟರಿಗೇ ನಿಲ್ಲುತ್ತದೆ. ನಮ್ಮ ಟ್ಯಾಂಕಿನ ನಡುಮಟ್ಟದಲ್ಲಿ ಒಂದು ಸೆಂಟಿಮೀಟರು 128 ಲೀಟರು. ಸಮೀಪದ ಅಂಕಿಗೆ ಸರಿಪಡಿಸಿದರೂ 64 ಲೀಟರಿನವರೆಗೆ ತಪ್ಪಬಹುದು. ತಳದಲ್ಲಿ ತೂತಾಗಿ ದಿನಕ್ಕೆ 20 ಲೀಟರು ಮಣ್ಣಿಗಿಳಿದು ಪಕ್ಕದ ಬಾವಿಯತ್ತ ಹೊರಟಿದ್ದರೆ, ಆ ಏರುಪೇರಿನಲ್ಲಿ ಅದು ಎಷ್ಟೋ ದಿನ ಕಣ್ಣಿಗೆ ಬೀಳದು. ಅದೇ ಆಜ್ಞೆ ಲೀಟರಿನ ಕಲಮಿನಲ್ಲಿ ಇಲ್ಲದ ನಿಖರತೆಯನ್ನು ಮೆರೆಯಿಸುತ್ತದೆ. ಮೀಟರಿನ ಕಲಮಿನಲ್ಲಿ ಇದ್ದುದನ್ನು ನುಂಗುತ್ತದೆ.

ಲೆಕ್ಕದ ನಡುವೆ ಅಂಕಿಗಳನ್ನು ಕತ್ತರಿಸುವುದೂ ಅಷ್ಟೇ ಕೆಟ್ಟದ್ದು. 1957ರ ಏಪ್ರಿಲ್ 1ರಂದು ನಯಾ ಪೈಸೆ ಬಂದಾಗ ಒಂದು ಆಣೆಗೆ 6.25 ನಯಾ ಪೈಸೆಯಾಗಬೇಕಿತ್ತು. ಕಾಲು ಪೈಸೆ ಇಲ್ಲದ್ದರಿಂದ ಒಂದು ಆಣೆಗೆ 6, ನಾಲ್ಕು ಆಣೆಗೆ 25 ಎಂದು ಕೋಷ್ಟಕ ಮಾಡಿದರು. ಹದಿನಾರು ಆಣೆಗಳನ್ನು ಒಂದೊಂದಾಗಿ ಬದಲಿಸಿದರೆ ರೂಪಾಯಿಗೆ 96 ಪೈಸೆಯೇ! ನಮ್ಮ ಅಜ್ಜಂದಿರ ಕಾಲದ ಅಂಗಡಿಯವರಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಟ್ಯಾಂಕಿನ ಲೆಕ್ಕದಲ್ಲಿಯೂ ಹಾಗೆಯೇ. ಮಿಲಿಮೀಟರಿಗೆ 12.8 ಲೀಟರೆಂಬುದನ್ನು 13 ಎಂದು ಮೊದಲೇ ಮಾಡಿಕೊಂಡು ಒಂಬತ್ತರಿಂದ ಗುಣಿಸಿದರೆ ಸುಮಾರು ಎರಡು ಲೀಟರು ಹೆಚ್ಚುತ್ತದೆ.

ಆದುದರಿಂದ ಯಂತ್ರವು ಒಳಗೆ ಎಷ್ಟು ಅಂಕಿಗಳನ್ನಾದರೂ ಇಟ್ಟುಕೊಳ್ಳಲಿ, ನನ್ನ ಆಕ್ಷೇಪಣೆಯಿಲ್ಲ. ಎತ್ತರವನ್ನು ಕೋಲು ಓದಿದಷ್ಟೂ ಬರೆದಿಡಲಿ: ಮೀಟರಿನಲ್ಲಾದರೆ ಮೂರು ಸ್ಥಾನ, ಮಿಲಿಮೀಟರಿನಲ್ಲಾದರೆ ಪೂರ್ಣಾಂಕ. ಲೀಟರನ್ನು ಮಾತ್ರ ಕೊನೆಗೊಮ್ಮೆ ಸರಿಪಡಿಸಿ ಪೂರ್ಣಾಂಕವಾಗಿಯೇ ತೋರಿಸಲಿ. ಅದರ ಪಕ್ಕದಲ್ಲಿ, ಈ ಮಟ್ಟದಲ್ಲಿ ಒಂದು ಮಿಲಿಮೀಟರಿಗೆ ಇಷ್ಟು ಲೀಟರು ಎಂದೂ ಬರೆಯಲಿ.

ಹೀಗೆ ಮಾಡಿದರೆ ಒಟ್ಟು ಮೊತ್ತದಲ್ಲಿ ಒಂದೆರಡು ಲೀಟರು ಹೊಂದಾಣಿಕೆಯಾಗದೆಂದು ಲೆಕ್ಕ ತಪಾಸಣೆಯವರು ಗೊಣಗುವರು. ಸರಿಪಡಿಸಿದ ಅಂಕಿಗಳನ್ನು ಕೂಡಿಸಿದರೆ ಹಾಗಾಗುವುದು ಸಹಜ. ಪುಟದ ಕೆಳಗೆ ಒಂದು ಸಾಲಿನ ಟಿಪ್ಪಣಿ ಹಾಕಿದರೆ ಅವರ ತೊಂದರೆ ತೀರುತ್ತದೆ. ಪಂಪಿನ ಹುಡುಗನ ತೊಂದರೆ ಟಿಪ್ಪಣಿಯಿಂದ ತೀರುವುದಿಲ್ಲ.