ಬೆಲ್ಲ ಹಾಕಿದ್ದೆ, ತಿನ್ನಿ ಹೇಳುವವರಿಗೆ

ಸಕ್ರೆ ಕಾಯ್ಲೆ ಇದ್ದವರ ಎದುರಿಗೆ ತಟ್ಟೆ ಹಿಡ್ಕಂಡು, "ಒಂದೇ ತುಂಡು ತಿನ್ನಿ ಮಾರಾಯ್ರೆ, ಸಕ್ರೆ ಹಾಕ್ಲಿಲ್ಲ, ಬೆಲ್ಲ ಹಾಕಿದ್ದೆ" ಹೇಳಿ ಒತ್ತಾಯ ಮಾಡ್ತರಲ್ಲ, ಅವರ ಕೂಡೆ ಇವತ್ತು ನನ್ನ ಜಗಳ. ಪ್ರೀತಿಯಿಂದ್ಲೇ ಹೇಳ್ತರು, ಅದು ನಂಗೆ ಗೊತ್ತದೆ. ಆದ್ರೆ ರಕ್ತಕ್ಕೆ ಪ್ರೀತಿ ತಿಳೀತಿಲ್ಲ, ಸಕ್ರೆ ಮಾತ್ರ ತಿಳೀತದೆ.

ನಮ್ಮನೆಯವರಿಗೆ ಶುಗರ್ ಬಂದು 11 ವರ್ಷ ಆಯ್ತು. ಅಂಕೋಲೆಗೆ ಬಂಡಿಹಬ್ಬಕ್ಕೆ ಹೋಗ್ಲಿ, ಕಾರವಾರದಲ್ಲಿ ಮದುವೆ ಮನೆಗೆ ಹೋಗ್ಲಿ, ಇದೇ ಮಾತು. ಈಗಂತೂ ಮನೆಮನೆಗೆ ಓವನ್ ಬಂದದೆ, ಮಗಳಂದ್ರು ಸೊಸೆಯಂದ್ರು ಚಂದ ಕೇಕ್ ಮಾಡ್ತರು. ಬೆಲ್ಲದ ಕೇಕು, ರಾಗಿ ಕೇಕು, ಗೋದಿ ಹಿಟ್ಟಿನ ಕೇಕು. ಎಲ್ಲದಕ್ಕೂ "ಶುಗರ್‌ನವರಿಗೂ ನಡೀತದೆ" ಹೇಳುವ ಹೆಸರು ಬೇರೆ. ನಡೀತಿಲ್ಲ. ಯಾಕೆ ಹೇಳುದಕ್ಕೆ ಲೆಕ್ಕ ಕೊಡ್ತೆ, ನೋಡಿ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರ ಹಳೇ ಪಟ್ಟಿ ಅದೆ. ಅದ್ರಲ್ಲಿ 100 ಗ್ರಾಂ ಸಕ್ರೆಗೆ ಕಾರ್ಬೋಹೈಡ್ರೇಟು 99.4 ಗ್ರಾಂ, ಬೆಲ್ಲಕ್ಕೆ 95 ಗ್ರಾಂ. ಇಷ್ಟೇ ವ್ಯತ್ಯಾಸ! "ಬೆಲ್ಲದಲ್ಲಿ ಕಬ್ಬಿಣದ ಅಂಶ ಅದೆ" ಹೇಳ್ತರು. ಅದೆ, ಸಲ್ಪ. ಅಷ್ಟು ಕಬ್ಬಿಣಕ್ಕೆ ಅಷ್ಟು ಸಿಹಿ ನುಂಗುದು ಅಂದ್ರೆ ಒಂದು ಬಂಗಡೆ ತಿಂಬುಕೆ ಇಡೀ ದೋಣಿ ಕ್ರಯಕ್ಕೆ ತಕಂಡ ಹಂಗೆ. ಜೇನುತುಪ್ಪ, ಖರ್ಜೂರ, ಈಗ ಬಂದ ತೆಂಗಿನ ಸಕ್ರೆ, ಎಲ್ಲದ್ದೂ ಇದೇ ಹಣೆಬರಹ. ನಾನು ಬೆಲ್ಲದ ವೈರಿ ಅಲ್ಲ. ಘಟ್ಟದ ಮೇಲಿನ ಜೋನಿ ಬೆಲ್ಲ ದೋಸೆ ಕೂಡೆ ನಂಗೂ ಬೇಕು. ಆದ್ರೆ ಬೆಲ್ಲ ಸಕ್ರೆಯ ಅಕ್ಕ, ಸಕ್ರೆಗೆ ಬದಲಿ ಅಲ್ಲ.

ಇನ್ನು ಹಿಟ್ಟು. ಅದೇ ಪಟ್ಟಿಯಲ್ಲಿ ಮೈದಾ 73.9, ರಾಗಿ 72, ಗೋದಿ ಹಿಟ್ಟು 69.4. ಮೈದಾ ಬಿಟ್ಟು ರಾಗಿ ಹಾಕಿದ್ರೆ ನಾರು ಸಿಗ್ತದೆ, ಕ್ಯಾಲ್ಸಿಯಂ ಸಿಗ್ತದೆ, ಒಳ್ಳೇದೇ. ಪಿಷ್ಟ ಮಾತ್ರ ಅಲ್ಲೇ ಕೂತದೆ. ಸಕ್ರೆ ಒಂದನ್ನೇ ತೆಗೆದು ರಾಗಿ ಕೇಕು ಎರಡು ತುಂಡು ತಿಂದವರಿಗೆ ಮರುದಿನ ಮೀಟರಿನಲ್ಲಿ ಅಂಕಿ ಏರ್ತದೆ. ಆಮೇಲೆ ಪಾಪ, ಮಾತ್ರೆಗೆ ಬೈತರು.

ಹಂಗಾದ್ರೆ ಸಿಹಿಗೆ ಎಂತ ಹಾಕುದು? ಅಂಗಡೀಲಿ ಹತ್ತು ಬಗೆ ಸಿಕ್ತದೆ, ಎಲ್ಲವೂ ಒಲೆಗೆ ಆತಿಲ್ಲ. ಆಸ್ಪರ್ಟೇಮ್ ಚಾಕ್ಕೆ ಆತದೆ, ಓವನ್ನಿನ ಬಿಸಿಗೆ ಅದರ ಸಿಹಿ ಹೋತದೆ. ಸುಕ್ರಲೋಸ್ ಕತೆ ಮಜಾ ಅದೆ. 1976ರಲ್ಲಿ ಲಂಡನ್ನಿನಲ್ಲಿ ನಮ್ಮ ದೇಶದವರೇ ಆದ ಶಶಿಕಾಂತ ಫಡ್ನಿಸ್ ಅವರಿಗೆ "ಪರೀಕ್ಷೆ ಮಾಡು" ಹೇಳಿದ್ದು "ರುಚಿ ನೋಡು" ಹೇಳಿ ಕೇಳಿಸಿ, ಬಾಯಿಗೆ ಹಾಕ್ಕಂಡ್ರಂತೆ. ಸಕ್ರೆಗಿಂತ ಸುಮಾರು 600 ಪಟ್ಟು ಸಿಹಿ. ಆದ್ರೆ ಅದನ್ನ 120 ಡಿಗ್ರಿ ಮೇಲೆ ಕಾಯಿಸಿದ್ರೆ ಬೇಡದ ವಸ್ತು ಹುಟ್ಟಬಹುದು, ಖಾತ್ರಿ ಆಗುವ ತನಕ ಬೇಯಿಸಿ ಆದ ಮೇಲೆ ಹಾಕಿ ಹೇಳಿ ಜರ್ಮನಿಯ ಸರ್ಕಾರಿ ಸಂಸ್ಥೆ 2019ರಲ್ಲಿ ಎಚ್ಚರಿಸಿತ್ತು. ಕೇಕು ಬೇಯುದು 170ರಲ್ಲಿ. ಹಂಗಾಗಿ ನನ್ನ ಓವನ್ನಿಗೆ ಅದು ಬೇಡ.

"ಶುಗರ್ ಫ್ರೀ" ಹೇಳಿ ಬರೆದ ಬಿಸ್ಕಿಟು ಚಾಕಲೇಟುಗಳ ಹಿಂದೆ ತಿರುಗಿಸಿ ಓದಿ. ಮಾಲ್ಟಿಟಾಲ್ ಹೇಳಿ ಇದ್ರೆ ಜಾಗ್ರತೆ; ಸಕ್ರೆಯಷ್ಟಲ್ಲದಿದ್ರೂ ಶುಗರ್ ಏರಿಸ್ತದೆ, ಹೆಚ್ಚು ತಿಂದ್ರೆ ಹೊಟ್ಟೆಯನ್ನೂ ಕೆಡಿಸ್ತದೆ. ಪುಡಿ ಡಬ್ಬಿಯಲ್ಲಿ ಮಾಲ್ಟೋಡೆಕ್ಸ್‌ಟ್ರಿನ್ ಹೇಳಿ ಇದ್ರೆ ಅದು ಪಿಷ್ಟದಿಂದಲೇ ಮಾಡಿದ್ದು, ಗ್ಲೂಕೋಸಿನಷ್ಟೇ ಜೋರು ಓಡ್ತದೆ. ಒಂದು ಬೇಕರಿಯಲ್ಲಿ "ಶುಗರ್‌ಲೆಸ್ ಕೇಕು" ಕಂಡು ಇದ್ರಲ್ಲಿ ಎಂತ ಹಾಕಿದ್ರಿ ಕೇಳಿದೆ. "ಅಕ್ಕಾ, ಪೌಡರ್" ಅಂದ್ರು. ಯಾವ ಪೌಡರು ಹೇಳುದು ಹಾಕಿದವರಿಗೇ ಗೊತ್ತಿಲ್ಲ!

ಉಳಿದದ್ದು ಎರಡು. ಸ್ಟೀವಿಯಾ ಗಿಡದ ಸಾರಕ್ಕೆ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಒಪ್ಪಿಗೆ ಕೊಟ್ಟದೆ. ಸಕ್ರೆಗಿಂತ 200-300 ಪಟ್ಟು ಸಿಹಿ, ಹೆಚ್ಚಾದ್ರೆ ಕಹಿ, ಮತ್ತೆ ಚಿಟಿಕೆ ಪುಡಿಯಿಂದ ಕೇಕಿಗೆ ಮೈ ಬತ್ತಿಲ್ಲ. ಮೈ ಕೊಡುದು ಎರಿಥ್ರಿಟಾಲ್. ಸಿಹಿ ಸಕ್ರೆಯ ಮುಕ್ಕಾಲಿಗಿಂತ ಸಲ್ಪ ಕಮ್ಮಿ, ಶುಗರ್ ಏರಿಸ್ತಿಲ್ಲ, ಬಹುಪಾಲು ಮೂತ್ರದಲ್ಲೇ ಹೋತದೆ. ಅದಕ್ಕೂ ದೋಷ ಅದೆ: ಬಾಯಲ್ಲಿ ತಣ್ಣಗಾತದೆ, ಕೇಕು ಕೆಂಪಾತಿಲ್ಲ, ಆರಿದ ಮೇಲೆ ಹರಳು ಕಟ್ಟಿ ಮರಳು ಮರಳಾತದೆ. ಮಿಕ್ಸರಿಗೆ ಹಾಕಿ ನುಣ್ಣಗೆ ಮಾಡ್ಕಣಿ, ಜೊತೆಗೆ ಚಿಟಿಕೆ ಸ್ಟೀವಿಯಾ ಹಾಕಿ, ಎರಡೂ ಕಮ್ಮಿ ಸಾಕಾತದೆ.

"ಅದೆಲ್ಲ ಕೆಮಿಕಲ್ಲು, 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಬೇಡ ಹೇಳಿದೆ" ಹೇಳಿ ಯಾರಾದ್ರೂ ಬತ್ತರು. ಪೂರಾ ಓದಿ ಬನ್ನಿ. ಅದು ಹೇಳಿದ್ದು ತೂಕ ಇಳಿಸುಕೆ ಇಂಥ ಸಿಹಿ ನಂಬಬೇಡಿ ಹೇಳಿ. ಮೊದಲೇ ಸಕ್ರೆ ಕಾಯ್ಲೆ ಇದ್ದವರಿಗೆ ಆ ಸಲಹೆ ಅಲ್ಲ ಹೇಳಿ ಅಲ್ಲೇ ಬರೆದದೆ. ಅದೇ ವರ್ಷ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನವರು ರಕ್ತದಲ್ಲಿ ಎರಿಥ್ರಿಟಾಲ್ ಹೆಚ್ಚಿದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚು ಕಂಡ್ರು. ಅದೇ ಕಾರಣ ಹೇಳಿ ಸಾಬೀತಾಗ್ಲಿಲ್ಲ, ನಮ್ಮ ಮೈಯೂ ಅದನ್ನ ಸಲ್ಪ ತಾನೇ ಮಾಡ್ತದೆ. ಆದ್ರೂ ಮಾತು ಹಗುರದ್ದಲ್ಲ. ಹೃದಯದ ತೊಂದ್ರೆ ಇದ್ದವರು ಡಾಕ್ಟರ ಹತ್ರ ಕೇಳಿ. ಉಳಿದವರಿಗೂ ಇದು ಹಬ್ಬಕ್ಕೊಂದು ತುಂಡು, ದಿನಾ ಚಾದ ಕೂಡೆ ತಿಂಬುದಲ್ಲ.

ಬಾದಾಮಿ ಹಿಟ್ಟು ದುಬಾರಿ ಹೇಳಿ ಅಳುದೂ ಬೇಡ. ನಮ್ಮ ಬದಿಗೆ ಕಾಯಿ ಅದೆ, ಶೇಂಗಾ ಅದೆ. ಶೇಂಗಾಕ್ಕೆ ಕಾರ್ಬೋಹೈಡ್ರೇಟು 26, ಒಣಕೊಬ್ರಿಗೆ 18; ಮೈದಾದ ಹತ್ರ ಇಟ್ಟು ನೋಡಿ. ಕೊಂಕಣಿಯವರ ತವಸಳಿ ಗೊತ್ತಲ್ಲ, ಸೌತೆಕಾಯಿ ತುರಿದು ರವೆ, ಬೆಲ್ಲ ಹಾಕಿ ಮಾಡುದು? ಅದರ ನೆನಪಲ್ಲಿ ನಾ ಮಾಡುದು ಇದು: ಹುರಿದು ಸಿಪ್ಪೆ ತೆಗೆದ ಶೇಂಗಾ ಪುಡಿ 200 ಗ್ರಾಂ, ಕಾಯಿ ಸುಳಿ ಒಂದು ಬಟ್ಲು, ಹಿಂಡಿದ ಸೌತೆ ತುರಿ ಒಂದು ಬಟ್ಲು, ಮೊಟ್ಟೆ 3, ಎರಿಥ್ರಿಟಾಲ್ ಪುಡಿ 80 ಗ್ರಾಂ, ಚಿಟಿಕೆ ಸ್ಟೀವಿಯಾ, ಒಂದು ಚಮಚ ಬೇಕಿಂಗ್ ಪೌಡರ್, ಏಲಕ್ಕಿ, ಉಪ್ಪು. 170 ಡಿಗ್ರಿಯಲ್ಲಿ 40 ನಿಮಿಷ. ಪೂರ್ತಿ ಆರದೆ ಕತ್ತರಿಸಬೇಡಿ, ಪುಡಿ ಆತದೆ. ತವಸಳಿ ರುಚಿ ಬತ್ತಿಲ್ಲ, ಬತ್ತದೆ ಹೇಳಿ ಸುಳ್ಳು ಹೇಳ್ತಿಲ್ಲ. ತಿಂಬುಕೆ ಒಳ್ಳೇದಾತದೆ.

ಈ ಸುಳ್ಳಿನ ವಿಷ್ಯಕ್ಕೇ ನಾನು ಇಷ್ಟು ಕೂಗಾಡುದು. 2023ರ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ ಸಕ್ರೆ ಕಾಯ್ಲೆಯವರು 10 ಕೋಟಿ ಮೇಲೆ. ನಿಮ್ಮ ಪಂಕ್ತಿಯಲ್ಲೇ ಇಬ್ಬರು ಮೂವರು ಕೂತಿರ್ತರು. ಇನ್ಸುಲಿನ್ ತಕಣುವವರು ಎಷ್ಟು ತಿಂದೆ ಹೇಳುದ್ರ ಮೇಲೆ ಸೂಜಿಯ ಲೆಕ್ಕ ಹಾಕ್ತರು. ನಿಮ್ಮ "ಪರವಾಗಿಲ್ಲ" ಹೇಳುವ ಮಾತು ಅವರ ಲೆಕ್ಕಕ್ಕೇ ಕಲ್ಲು. ಇನ್ನೊಂದು ನೆನಪಿಡಿ: ಶುಗರ್ ಇಳಿದು ಬೆವರಿ ನಡುಗುವವರಿಗೆ ಕೊಡಬೇಕಾದ್ದು ನಿಜವಾದ ಸಕ್ರೆ ನೀರು. ಆವಾಗ ಸ್ಟೀವಿಯಾ ಕೇಕು ಕೊಟ್ರೆ ಉಪಯೋಗ ಇಲ್ಲ.

ಹಂಗಾಗಿ ಅಕ್ಕ-ತಂಗೀರೇ, ತಟ್ಟೆ ಹಿಡಿಯುಕೆ ಮುಂಚೆ ಒಳಗೆ ಯಾವ ಹಿಟ್ಟು, ಯಾವ ಸಿಹಿ, ಎಷ್ಟು ಹೇಳಿ ಬಾಯಿಬಿಟ್ಟು ತಿಳಿಸಿ. ತಿಂಬುದಾ ಬಿಡುದಾ ಅವರೇ ನೋಡ್ಕಂತರು.