ಹದಿನಾರರ ಹಚ್ಚೆ



ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ತಾಯಿತಂದೆಗಳಿಂದ ಇತ್ತೀಚೆಗೆ ನಾವು ಪದೇ ಪದೇ ಕೇಳುತ್ತಿರುವ ದೂರೊಂದಿದೆ. ಜಾತ್ರೆಗೆ ಹೋದ ಮಗ ತೋಳಿನ ಮೇಲೆ ಯಾರದೋ ಹೆಸರು ಬರೆಯಿಸಿಕೊಂಡು ಬಂದನಂತೆ. ಕಾಲೇಜಿಗೆ ಹೋದ ಮಗಳು ಮಣಿಕಟ್ಟಿನ ಮೇಲೆ ಚಿಟ್ಟೆ ಹೊಯ್ಯಿಸಿಕೊಂಡು ಬಂದಳಂತೆ. ಮನೆಯಲ್ಲಿ ಎರಡು ದಿನ ಯಾರೂ ಯಾರೊಡನೆಯೂ ಮಾತನಾಡಲಿಲ್ಲವಂತೆ. ಇಷ್ಟೆಲ್ಲ ಹೇಳಿ ಕಣ್ಣೀರು ಒರೆಸಿಕೊಳ್ಳುವ ತಾಯಿಯ ಹಿಂದೆ, ಪಡಸಾಲೆಯಲ್ಲಿ, ಆಯಿ ಕುಳಿತಿರುತ್ತಾರೆ. ಅವರ ಎರಡೂ ಮುಂಗೈಗಳಲ್ಲಿ ಮೊಣಕೈಯವರೆಗೆ ಹಚ್ಚೆ! ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಮೊಮ್ಮಗಳ ಚಿಟ್ಟೆ ಮಾತ್ರ ಬೀಳುತ್ತದೆ.

ಆದುದರಿಂದ ಮೊದಲು ಆಯಿಯ ತೋಳನ್ನೇ ನೋಡೋಣ.

ಹಳೆಗನ್ನಡದ 'ಪ'ಕಾರ 'ಹ'ಕಾರವಾದಂತೆ ಪಚ್ಚೆಯು ಹಚ್ಚೆಯಾಯಿತೆಂದು ತಿಳಿದವರು ಹೇಳುತ್ತಾರೆ. ತಮಿಳರು ಇಂದಿಗೂ ಇದನ್ನು ಪಚ್ಚೆಯೆಂದೇ ಕರೆಯುವರು. ನಮ್ಮ ನೆರೆಯ ಮರಾಠಿ ಬಂಧುಗಳಿಗೆ ಇದು ಗೋಂದಣ. ಗಡಿಯ ಈ ಭಾಗದಲ್ಲಿ ಎರಡೂ ಮಾತು ನಡೆಯುತ್ತವೆ. ದೀಪದ ಕಾಡಿಗೆಯನ್ನು ಸೊಪ್ಪಿನ ರಸದಲ್ಲಿ, ಕೆಲವೆಡೆ ಎದೆಹಾಲಿನಲ್ಲಿ ಕಲಸಿ, ನಾಲ್ಕಾರು ಸೂಜಿಗಳನ್ನು ಒಟ್ಟಿಗೆ ಕಟ್ಟಿ ಚುಚ್ಚುವುದು ಕೊರವಂಜಿಯರ ಕಸುಬಾಗಿತ್ತು. ಸುಗ್ಗಿ ಮುಗಿದ ಮೇಲೆ ಅವರು ಊರೂರು ತಿರುಗುತ್ತಿದ್ದರು. ಚಿಂಚಲಿ ಮಾಯಕ್ಕನ ಜಾತ್ರೆ, ಯಡೂರು ವೀರಭದ್ರನ ಜಾತ್ರೆಗಳಲ್ಲಿ ಸಾಲಾಗಿ ಕೂರುತ್ತಿದ್ದರು. ಇಬ್ಬರು ಹುಡುಗಿಯ ಕೈಕಾಲು ಹಿಡಿದುಕೊಂಡರೆ ಕೊರವಂಜಿ ಹಾಡು ಹೇಳುತ್ತ ಚುಚ್ಚುವಳು. ನೋವು ಮರೆಯಲೆಂದೇ ಆ ಹಾಡು. ಚುಚ್ಚಿದ ಮೇಲೆ ಅರಿಸಿಣ ಹಚ್ಚುವಳು. ಒಂದೆರಡು ಸೇರು ಜೋಳ, ಒಂದು ಹಳೆಯ ಸೀರೆ ಅವಳಿಗೆ ಸಲ್ಲುತ್ತಿತ್ತು. ಹಣೆಗೆ ಚುಕ್ಕಿ, ಗದ್ದಕ್ಕೆ ಚುಕ್ಕಿ, ತೋಳಿಗೆ ತುಳಸಿಕಟ್ಟೆ, ಚೇಳು, ತೊಟ್ಟಿಲು. ತವರಿನವರ ಹೆಸರು, ಮದುವೆಯಾದ ಮೇಲೆ ಗಂಡನ ಹೆಸರು. ಸತ್ತಾಗ ಮೈಮೇಲಿನ ಬಂಗಾರವನ್ನು ಬಿಚ್ಚಿಕೊಳ್ಳುತ್ತಾರೆ, ಹಚ್ಚೆಯೊಂದೇ ಜೊತೆಗೆ ಬರುತ್ತದೆ ಎಂಬ ನಂಬಿಕೆಯನ್ನು ಈ ಭಾಗದ ಹಿರಿಯ ತಾಯಂದಿರಿಂದ ಎಷ್ಟೋ ಸಲ ಕೇಳಿದ್ದೇವೆ.

ಎಂಟು ಹತ್ತು ವರ್ಷದ ಆ ಹುಡುಗಿಯನ್ನು ಬೇಕೋ ಬೇಡವೋ ಎಂದು ಕೇಳಿದವರು ಯಾರೂ ಇರಲಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಹಳೆಯದೆಲ್ಲ ಒಳ್ಳೆಯದೆಂದು ಹಾಡಿ ಹೊಗಳುವವರು ಈ ಮಾತನ್ನು ಬಿಟ್ಟುಬಿಡುತ್ತಾರೆ.

ಅಥಣಿ ತಾಲೂಕಿನ ನಿವೃತ್ತ ಶಿಕ್ಷಕಿಯೊಬ್ಬರನ್ನು ನಾವು ಬಲ್ಲೆವು. ಈಗ ಎಪ್ಪತ್ತು ದಾಟಿದವರು. ಒಂಬತ್ತನೆಯ ವರ್ಷದಲ್ಲಿ ಅವರಿಗೆ ಹಣೆ, ಗದ್ದ, ಎಡತೋಳುಗಳಿಗೆ ಹಚ್ಚೆ ಹಾಕಿಸಿದ್ದರು. ಶಿಕ್ಷಕಿಯರ ತರಬೇತಿಗೆ ಹೋದಾಗ ಪಟ್ಟಣದ ಗೆಳತಿಯರು ನಕ್ಕರು. ಅಂದಿನಿಂದ ಹಣೆಗೆ ವಿಭೂತಿ ಧರಿಸಿ, ಆ ಹಸಿರು ಚುಕ್ಕಿ ಮುಚ್ಚುವಷ್ಟು ದೊಡ್ಡ ಕುಂಕುಮವಿಡುವುದು ರೂಢಿಯಾಯಿತು. ಗದ್ದದ ಚುಕ್ಕಿಗೆ ಉಪಾಯವಿರಲಿಲ್ಲ. ವರ ನೋಡಲು ಬಂದವರೊಬ್ಬರು 'ಹುಡುಗಿ ಕಲಿತಾಳ, ಆದರ ಮಾರಿ ಹಳ್ಳೀದು' ಎಂದು ಹೇಳಿಹೋದ ಮಾತು ಐವತ್ತು ವರ್ಷಗಳಾದರೂ ಅವರಿಗೆ ಮರೆತಿಲ್ಲ. ಆದರೆ ಎಡತೋಳಿನ ಮೇಲೆ ತಮ್ಮನ ಹೆಸರಿದೆ. ಆ ತಮ್ಮ ಇಪ್ಪತ್ತೆರಡಕ್ಕೇ ತೀರಿಕೊಂಡ. ಅವನ ಫೋಟೋ ಸಹ ಮನೆಯಲ್ಲಿಲ್ಲ. ಸ್ನಾನ ಮಾಡುವಾಗ ದಿನವೂ ಆ ಹೆಸರಿನ ಮೇಲೆ ಕೈ ಹೋಗುತ್ತದೆ ಎನ್ನುತ್ತಾರೆ. ಒಂದೇ ದಿನ, ಒಂದೇ ಸೂಜಿಯಿಂದ ಆದವು ಇವು. ಒಂದನ್ನು ಜೀವನವಿಡೀ ಮುಚ್ಚಿಟ್ಟರು, ಇನ್ನೊಂದನ್ನು ಜೀವನವಿಡೀ ಕಾಯ್ದುಕೊಂಡರು.

ನಿಪ್ಪಾಣಿಯ ತಂಬಾಕಿನ ವಖಾರಗಳಲ್ಲಿ ದುಡಿದು ಮುಪ್ಪಾದ ತಾಯಿಯೊಬ್ಬರ ಸಂಗತಿ ಬೇರೆ. ಗಂಡನ ಹೆಸರನ್ನು ಹೆಂಡತಿ ಬಾಯಿಂದ ಆಡಬಾರದೆಂದ ಕಾಲವೇ ಅದನ್ನು ಅವಳ ತೋಳಿನ ಮೇಲೆ ಬರೆಯಿಸಿತ್ತು. ಯಾವ ಹೆಸರೆಂದು ಕೊರವಂಜಿ ಕೇಳಿದಾಗ ನಾಚಿ ಸುಮ್ಮನಿದ್ದರಂತೆ, ನಾದಿನಿ ಹೇಳಿದಳಂತೆ. ಮೂರು ವರ್ಷಗಳಲ್ಲಿ ಆ ಮನುಷ್ಯ ಬಿಟ್ಟುಹೋದ. ಅವರು ಎರಡು ಮಕ್ಕಳನ್ನು ವಖಾರದ ಕೂಲಿಯಲ್ಲಿ ಬೆಳೆಸಿದರು. ಹೆಸರು ನಲವತ್ತು ವರ್ಷ ಕೈಯಲ್ಲೇ ಉಳಿಯಿತು. 'ಅಂವ ಹ್ವಾದರೂ ಹೆಸರ ಹೋಗಲಿಲ್ಲರಿ, ತಂಬಾಕದ ಧೂಳಾಗ ಮುಚ್ಚಿಟ್ಟೆ' ಎಂದು ನಕ್ಕಾಗ ನಾವು ನಗಲಾರದೆ ಹೋದೆವು.

ಇನ್ನು ಇಂದಿನ ಮಕ್ಕಳಿಗೆ ಬರೋಣ. ಇವರನ್ನು ಯಾರೂ ಕೈಕಾಲು ಹಿಡಿದು ಕೂರಿಸುವುದಿಲ್ಲ. ತಾವೇ ಹಣ ಕೊಟ್ಟು ಕೂರುತ್ತಾರೆ. ಕೊರವಂಜಿಯ ಸೂಜಿಯ ಬದಲು ಯಂತ್ರ ಬಂದಿದೆ. ಎಡಿಸನ್ನನ ವಿದ್ಯುತ್ ಲೇಖನಿಯ ಮಾದರಿಯಿಂದ ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓರೈಲಿ 1891ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದ. ಇಂದು ಅದರ ಸಣ್ಣ ತಮ್ಮಂದಿರು ಬ್ಯಾಟರಿಯ ಬಲದಿಂದ ನಮ್ಮ ಜಾತ್ರೆಗಳಲ್ಲಿ ಗುಂಯ್‌ಗುಟ್ಟುತ್ತಿದ್ದಾರೆ. 2021ರ ಅಕ್ಟೋಬರಿನಲ್ಲಿ ಪುನೀತ್ ರಾಜಕುಮಾರ್ ತೀರಿಕೊಂಡ ಮೇಲೆ ಎಷ್ಟೋ ತರುಣರು ಅವರ ಮುಖವನ್ನು ಎದೆ ತೋಳುಗಳ ಮೇಲೆ ಬರೆಯಿಸಿಕೊಂಡರು. ಕೆಲವರು 'ಅವ್ವ' ಎಂದು ಬರೆಯಿಸುತ್ತಾರೆ, ಕೆಲವರು ಬಸವಣ್ಣನವರ ಚಿತ್ರ ಹಾಕಿಸುತ್ತಾರೆ. ಧರ್ಮದಲ್ಲಿ ಇದಕ್ಕೆ ಸಮ್ಮತಿಯುಂಟೇ ಎಂದು ಕೇಳುವವರಿಗೆ ಇಷ್ಟು ಹೇಳಬಲ್ಲೆವು: ಅಷ್ಟಾವರಣಗಳಲ್ಲಿ ಹಚ್ಚೆಯ ಮಾತಿಲ್ಲ. ವಿಭೂತಿಯನ್ನು ದಿನವೂ ಹೊಸದಾಗಿ ಧರಿಸುತ್ತೇವೆ. ಹಚ್ಚೆಯನ್ನು ಹಾಗೆ ಧರಿಸಲಾಗದು. ಮೀನಗಂಡದ ಮೇಲೆ ಬಸವಣ್ಣನವರನ್ನು ಬರೆಯಿಸಿಕೊಂಡ ಹುಡುಗನ ಭಕ್ತಿಯನ್ನು ನಾವು ಸಂಶಯಿಸುವುದಿಲ್ಲ, ಆದರೆ ಅವನು ಕಾಲು ಚಾಚಿ ಕುಳಿತಾಗ ಅವನ ತಾತನಿಗೆ ಏನಾಗುತ್ತದೆಂಬುದನ್ನೂ ಬಲ್ಲೆವು.

ಹೆಚ್ಚಿನ ಹಾನಿ ಬೇರೆಡೆಯಿದೆ. ನಮ್ಮ ಈ ತಾಲೂಕುಗಳ ಹಳ್ಳಿಗಳಲ್ಲಿ ನಸುಕಿಗೇ ಎದ್ದು ರಸ್ತೆಯ ಮೇಲೆ ಓಡುವ ಹುಡುಗರನ್ನು ನೀವೂ ನೋಡಿರುತ್ತೀರಿ. ಸೈನ್ಯ ಸೇರುವುದು ಅವರ ಕನಸು. ಸೈನ್ಯದ ನಿಯಮದಂತೆ ಶಾಶ್ವತ ಹಚ್ಚೆಯು ಮೊಣಕೈಯಿಂದ ಮಣಿಕಟ್ಟಿನವರೆಗೆ ಮುಂಗೈಯ ಒಳಭಾಗದಲ್ಲಿ ಮತ್ತು ಹಸ್ತದ ಹಿಂಭಾಗದಲ್ಲಿ ಮಾತ್ರ ಇರಬಹುದು. ಬುಡಕಟ್ಟಿನವರಿಗೆ ಅವರ ಸಂಪ್ರದಾಯಕ್ಕೆ ತಕ್ಕ ವಿನಾಯಿತಿಯುಂಟು. ಕೇಂದ್ರದ ಸಶಸ್ತ್ರ ಪೊಲೀಸ್ ಪಡೆಗಳ ನಿಯಮ ಇನ್ನೂ ಬಿಗಿ: ವಂದನೆ ಸಲ್ಲಿಸುವ ಬಲಗೈ ಬಿಟ್ಟು ಎಡ ಮುಂಗೈಯಲ್ಲಿ, ಆ ಭಾಗದ ನಾಲ್ಕನೆಯ ಒಂದು ಪಾಲಿಗಿಂತ ಕಡಿಮೆ ಅಳತೆಯಲ್ಲಿ ಇರಬೇಕು. 2022ರಲ್ಲಿ ಆರಂಭವಾದ ಅಗ್ನಿಪಥ ಯೋಜನೆಯಲ್ಲಿ ಸೇರಲು ಕನಿಷ್ಠ ವಯಸ್ಸು ಹದಿನೇಳೂವರೆ. ಹದಿನಾರಕ್ಕೆ ಕುತ್ತಿಗೆಯ ಮೇಲೆ ಹುಡುಗಿಯ ಹೆಸರು ಬರೆಯಿಸಿಕೊಂಡವನು ಒಂದೂವರೆ ವರ್ಷದಲ್ಲಿ ವೈದ್ಯರ ಮುಂದೆ ಅಂಗಿ ಬಿಚ್ಚಿ ನಿಲ್ಲಬೇಕಾಗುತ್ತದೆ. ರಾಯಬಾಗದ ಕಡೆಯ ಅಂಥ ಹುಡುಗನೊಬ್ಬ ಓಟದಲ್ಲಿ ಮುಂದಿದ್ದೂ ಮರಳಿ ಬಂದ. ಆ ಹುಡುಗಿಗೆ ಅಷ್ಟರಲ್ಲಿ ಬೇರೆಡೆ ಮದುವೆಯಾಗಿತ್ತು. ಅವಳ ಗಂಡನ ಮನೆಯವರಿಗೆ ಈ ಹೆಸರಿನ ಸುದ್ದಿ ಮುಟ್ಟಿ ಅವಳು ಪಟ್ಟ ಪಾಡನ್ನು ಅಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ತನ್ನ ಹೆಸರನ್ನು ಬರೆಯಿಸಿಕೋ ಎಂದು ಅವಳು ಹೇಳಿರಲಿಲ್ಲ.

ಜಾತ್ರೆಯ ಸೂಜಿಯ ವಿಷಯವಾಗಿ ಎರಡು ಮಾತು. ಒಬ್ಬರಿಗೆ ಚುಚ್ಚಿದ ಸೂಜಿ, ಒಬ್ಬರಿಗೆ ಅದ್ದಿದ ಮಸಿಯ ಬಟ್ಟಲು ಇನ್ನೊಬ್ಬರಿಗೆ ಬಳಕೆಯಾದರೆ ಕಾಮಾಲೆಯ ಬಿ ಮತ್ತು ಸಿ ವಿಷಾಣುಗಳು, ಎಚ್‌ಐವಿ ಸಹ ದಾಟಬಲ್ಲವು. ಈ ಕಾರಣಕ್ಕೇ ಹಚ್ಚೆ ಹಾಕಿಸಿಕೊಂಡವರಿಂದ ಒಂದು ವರ್ಷ ರಕ್ತ ತೆಗೆದುಕೊಳ್ಳುವುದಿಲ್ಲ; ಬಸವ ಜಯಂತಿಯ ರಕ್ತದಾನ ಶಿಬಿರಗಳನ್ನು ಏರ್ಪಡಿಸುವ ತರುಣ ಸಂಘದವರು ಇದನ್ನು ಮೊದಲೇ ತಿಳಿಸುವುದು ಲೇಸು. ಮಸಿಯ ಕುರಿತು 2025ರಲ್ಲಿ ನಮ್ಮ ರಾಜ್ಯದ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು, ಪರೀಕ್ಷಿಸಿದ ಹಚ್ಚೆಯ ಮಸಿಗಳಲ್ಲಿ 22 ಬಗೆಯ ಲೋಹಗಳು ಕಂಡುಬಂದಿವೆಯೆಂದು ಹೇಳಿ, ನಿಯಂತ್ರಣಕ್ಕಾಗಿ ಕೇಂದ್ರಕ್ಕೆ ಬರೆಯುವುದಾಗಿ ತಿಳಿಸಿದ್ದರು.

ಹಚ್ಚೆ ಅಳಿಯದಿರುವುದೇಕೆ? ಮೇಲಿನ ತೊಗಲು ಸದಾ ಉದುರಿ ಹೊಸದಾಗುತ್ತಿದ್ದರೂ ಮಸಿ ನಿಲ್ಲುವುದು ಅದರ ಕೆಳಗಿನ ಪದರದಲ್ಲಿ. ಅಲ್ಲಿನ ಕಾವಲು ಕಣಗಳು ಅದನ್ನು ನುಂಗಿ ಹಿಡಿದಿಡುತ್ತವೆ. ಆ ಕಣಗಳು ಸತ್ತಾಗ ಮಸಿಯನ್ನು ಅಲ್ಲಿಯೇ ಬಿಟ್ಟುಹೋಗುತ್ತವೆ, ಹೊಸ ಕಣಗಳು ಅದನ್ನು ಮತ್ತೆ ಎತ್ತಿಕೊಳ್ಳುತ್ತವೆ. ಫ್ರಾನ್ಸಿನ ಮಾರ್ಸೇಯ ವಿಜ್ಞಾನಿಗಳು 2018ರಲ್ಲಿ ಇಲಿಗಳ ಮೇಲೆ ಪ್ರಯೋಗ ಮಾಡಿ ಇದನ್ನು ತೋರಿಸಿದರು. ಆಲ್ಪ್ಸ್ ಪರ್ವತದ ಹಿಮದಲ್ಲಿ 1991ರಲ್ಲಿ ದೊರೆತ, ಐದು ಸಾವಿರ ವರ್ಷಗಳಿಗೂ ಹಿಂದಿನ ಮನುಷ್ಯನ ದೇಹದ ಮೇಲೆ 61 ಹಚ್ಚೆಗಳು ಇನ್ನೂ ಕಾಣುತ್ತಿದ್ದವು.

ಅಳಿಸಬೇಕೆನ್ನುವವರು ಸುಣ್ಣ, ಕೇರುಬೀಜದ ಎಣ್ಣೆ, ಆಮ್ಲಗಳ ಗೊಡವೆಗೆ ಹೋಗಬಾರದು. ಅಗಸರು ಬಟ್ಟೆಗೆ ಗುರುತು ಹಾಕುವ ಆ ಕೇರೆಣ್ಣೆ ತೊಗಲನ್ನು ಸುಡುತ್ತದೆ. ಹೆಸರು ಹೋಗಿ ಗಾಯದ ಕಲೆ ನಿಲ್ಲುತ್ತದೆ. ಬೆಳಗಾವಿ, ಮಿರಜ, ಕೊಲ್ಹಾಪುರಗಳು ನಮಗೆ ಹತ್ತಿರ. ಅಲ್ಲಿನ ಚರ್ಮರೋಗ ತಜ್ಞರನ್ನು ಕಾಣಬೇಕು. ಲೇಸರ್ ಕಿರಣದಿಂದ ಮಸಿಯನ್ನು ಪುಡಿಗಟ್ಟುತ್ತಾರೆ. ದೇಹವೇ ಅದನ್ನು ನಿಧಾನವಾಗಿ ಸಾಗಿಸುತ್ತದೆ. ಒಂದೂವರೆ ಎರಡು ತಿಂಗಳಿಗೊಮ್ಮೆಯಂತೆ ಆರೆಂಟು ಸಲ, ಕೆಲವೊಮ್ಮೆ ಅದಕ್ಕೂ ಹೆಚ್ಚು ಸಲ ಹೋಗಬೇಕು. ನಮ್ಮಂಥ ಕಂದು ಬಣ್ಣದವರಿಗೆ ಆ ಜಾಗ ಬೆಳ್ಳಗಾಗುವ ಇಲ್ಲವೆ ಕಪ್ಪಾಗುವ ಸಂಭವವೂ ಇದೆ. ಹಸಿರು, ಹಳದಿ ಮಸಿಗಳು ಹಟಮಾರಿ. ಬರಿಯ ಕಾಡಿಗೆಯಿಂದಾದ ಹಳೆಯ ಹಚ್ಚೆ ಕಣ್ಣಿಗೆ ಹಸಿರಾಗಿ ಕಂಡರೂ ಒಳಗಿನ ಮಸಿ ಕಪ್ಪೇ. ಬಣ್ಣದ ಹೊಸ ಹಚ್ಚೆಗಿಂತ ಅದು ಬೇಗ ಮಣಿಯುತ್ತದೆ.

ಅಥಣಿಯ ಆ ಶಿಕ್ಷಕಿಯವರ ಮೊಮ್ಮಗಳು, ಆಯಿಯ ತೋಳಿನಲ್ಲಿದ್ದಂಥದೇ ತುಳಸಿಕಟ್ಟೆ ತನಗೂ ಬೇಕೆಂದು ಹಟ ಹಿಡಿದಿದ್ದಳು. ಅವರು ಬೈಯಲಿಲ್ಲ. ಅದೇ ಜಾಗದಲ್ಲಿ ಮದರಂಗಿಯಿಂದ ಬರೆದುಕೊಂಡು ಒಂದು ವರ್ಷ ನೋಡು, ಮಾಸಿದಾಗಲೆಲ್ಲ ಮತ್ತೆ ಬರೆದುಕೋ ಎಂದರು. ಹುಡುಗಿ ಈಗ ನಾಲ್ಕನೆಯ ಸಲ ಬರೆದುಕೊಂಡಿದ್ದಾಳೆ. ಲೇಸರಿನ ವಿಷಯ ಹೇಳಿದಾಗ ಶಿಕ್ಷಕಿಯವರೂ ಆಸಕ್ತಿಯಿಂದ ಕೇಳಿದರು. ಗದ್ದದ ಚುಕ್ಕಿ ಹೋಗುತ್ತದೆಯೇ, ಮಿರಜಿಗೆ ಎಷ್ಟು ಸಲ ಹೋಗಬೇಕು ಎಂದು ವಿಚಾರಿಸಿದರು. ಸ್ವಲ್ಪ ಹೊತ್ತು ಬಿಟ್ಟು, 'ಈಗ ಬ್ಯಾಡ ಬಿಡ್ರಿ, ಅಲ್ಲಿ ನಮ್ಮವ್ವ ಗುರುತ ಹಿಡೀಬೇಕಲ್ಲ' ಎಂದರು.